ಸಿದ್ದಲಿಂಗವ್ವನ ಮುಯ್ಯಿ

ಮಸೂತಿ ಎಂಬ ಊರಿನ ಹೆಂಗಸರಲ್ಲಿ ಯಾರಾದರೂ ಕೊಟ್ಟ ಮಾತಿಗೆ ತಪ್ಪಿದರೆ, "ಹೋಗ, ಸಿದ್ದಲಿಂಗವ್ವನ ಮಾರಿ ನೋಡಿ ಬಾ, ಬುದ್ಧಿ ಬರ್ತೈತಿ" ಎಂದು ಹಿರಿಯರು ಬೈಯುವುದಿತ್ತು. ಆ ಮುಖವೇನೂ ನೋಡಿದ ಕೂಡಲೇ ಪುಣ್ಯ ಬರುವಂಥದ್ದಲ್ಲ. ಸಿಟ್ಟು ಸದಾ ಮೂಗಿನ ತುದಿಯಲ್ಲೇ ಇರುತ್ತಿತ್ತು. ಅಂಗಳದ ಕೋಳಿಯಿಂದ ಹಿಡಿದು ಪಂಚಾಯಿತಿ ಚೇರಮನ್ನನವರೆಗೆ ಆಕೆಯ ಬಾಯಿಗೆ ಸಿಗದವರಿರಲಿಲ್ಲ. ಆದರೆ ಮುಯ್ಯಿಯ ಮಾತು ಬಂದರೆ ಊರೇ ಆಕೆಗೆ ಕೈ ಮುಗಿಯುತ್ತಿತ್ತು.

ಮುಯ್ಯಿ ಎಂದರೆ ದೊಡ್ಡ ಶಾಸ್ತ್ರವೇನಲ್ಲ. ಇವತ್ತು ನೀನು ನನ್ನ ಹೊಲಕ್ಕೆ ಬಂದು ಕಡಲೆ ಕಿತ್ತರೆ, ನಾಳೆ ನಾನು ನಿನ್ನ ಹೊಲಕ್ಕೆ ಬಂದು ಜೋಳ ಕೊಯ್ಯಬೇಕು. ಅದಕ್ಕೆ ಕೂಲಿಯಿಲ್ಲ, ಚೀಟಿಯಿಲ್ಲ, ಸಾಕ್ಷಿಯಿಲ್ಲ. ಬುತ್ತಿ ಸಹ ಬಂದವರೇ ಕಟ್ಟಿಕೊಂಡು ಬರಬೇಕು. ಯಾರು ಯಾರಿಗೆ ಎಷ್ಟು ದಿನ ಬರಬೇಕು ಎಂಬುದೆಲ್ಲ ಹೆಂಗಸರ ತಲೆಯಲ್ಲೇ ಇರುತ್ತಿತ್ತು. ಸಿದ್ದಲಿಂಗವ್ವನ ತಲೆಯಲ್ಲಂತೂ ಇಡೀ ಓಣಿಯ ಮುಯ್ಯಿ ಇರುತ್ತಿತ್ತು. ಗಂಡ ತೀರಿಕೊಂಡಾಗ ದಿವಸದ ಕಾರ್ಯ ಮುಗಿದ ಮರುದಿನವೇ ಕುಡುಗೋಲು ತೆಗೆದುಕೊಂಡು ಗೆಳತಿ ಮರೆವ್ವನ ಹೊಲಕ್ಕೆ ಹೋಗಿದ್ದಳು. "ಇಷ್ಟ ಅವಸರ ಏನಿತ್ತವ್ವ?" ಎಂದು ಮರೆವ್ವ ಅತ್ತರೆ, "ಅಂವ ಹೋದನಂತ ನನ್ನ ಮುಯ್ಯಿ ಹೋಗ್ತೈತೇನ?" ಎಂದು ಈಕೆ ಸಾಲು ಹಿಡಿದಿದ್ದಳಂತೆ.

ಇಂಥ ಅತ್ತೆಯ ಮನೆಗೆ ಸೊಸೆಯಾಗಿ ಬಂದವಳು ಭಾಗ್ಯಜ್ಯೋತಿ. ಮುದ್ದೇಬಿಹಾಳದವಳು, ಎಸ್ಸೆಸ್ಸೆಲ್ಸಿ ಪಾಸಾದವಳು. ಆಕೆ ಹುಟ್ಟಿದ ಮೇಲೆ ಸರ್ಕಾರ ಬಡವರ ಮನೆಗೆ ಒಂದೊಂದು ಬಲ್ಬು ಹಾಕುವ ಯೋಜನೆಗೆ ಅದೇ ಹೆಸರಿಟ್ಟಿತು. "ನಮ್ಮ ಮನಿಗೆ ಬಲ್ಬೂ ಬಂತು, ಸೊಸಿನೂ ಬಂದ್ಳು. ಎರಡರಾಗ ಬಲ್ಬ ಜರಾ ಚುರುಕ" ಎಂದು ಅತ್ತೆ ನಾಲ್ಕು ಮಂದಿಯ ಮುಂದೆ ಹೇಳುತ್ತಿದ್ದಳು. ಸೊಸೆ ಅಂಗನವಾಡಿ ಟೀಚರ್ ಆದಳು. ಅತ್ತೆಗೆ ಅದೂ ಒಂದು ಕೆಲಸ ಅನ್ನಿಸಲಿಲ್ಲ. "ಮಂದಿ ಮಕ್ಕಳ ಮೂಗ ವರಸೂದಕ್ಕ ಸರಕಾರ ಪಗಾರ ಕೊಡ್ತೈತೇನ?" ಎನ್ನುವಳು. ಸೊಸೆ ಬಡಿದ ರೊಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿ, "ಚಪ್ಪಲಿ ಅಟ್ಟಿ ಇದಕಿಂತ ತೆಳ್ಳಗ ಇರ್ತೈತಿ" ಎಂದು ಬುಟ್ಟಿಗೆ ಹಾಕುವಳು. ಹದಿನಾಲ್ಕು ವರ್ಷದಲ್ಲಿ ಒಮ್ಮೆಯೂ ಒಂದು ಒಳ್ಳೆಯ ಮಾತು ಆ ಬಾಯಿಂದ ಬಿದ್ದಿರಲಿಲ್ಲ. ಭಾಗ್ಯಜ್ಯೋತಿ ಅದಕ್ಕೆ ಕಾಯುವುದನ್ನು ಬಿಟ್ಟೆನೆಂದು ಹೇಳುತ್ತಿದ್ದಳು. ಬಿಟ್ಟಿರಲಿಲ್ಲ.

ಎರಡು ಸಾವಿರದ ಇಸವಿ ಬಂದಾಗ ಕಂಪ್ಯೂಟರುಗಳೆಲ್ಲ ಇಸವಿ ಮರೆತು ಕೆಟ್ಟುಹೋಗುತ್ತವೆ ಎಂದು ಪೇಪರಿನಲ್ಲಿ ಬರೆದಿದ್ದರು. ಕಂಪ್ಯೂಟರಿಗೆ ಏನೂ ಆಗಲಿಲ್ಲ. ಇಸವಿ ಮರೆತವಳು ಸಿದ್ದಲಿಂಗವ್ವ. ಮೊದಲು ಒಲೆ ಮೇಲಿನ ಹಾಲು ಮರೆತಳು, ಆಮೇಲೆ ಮಗನ ಹೆಸರು, ಆಮೇಲೆ ತನ್ನ ಮನೆಯ ಬಾಗಿಲು. ಊರವರು "ಅರವತ್ತಕ್ಕ ಅರಳು ಮರಳು, ಈಕಿಗೆ ಎಪ್ಪತ್ತು ಆತು" ಎಂದು ನಕ್ಕರು. ಮಗ ಪರಪ್ಪ ಬಾಗೇವಾಡಿಯಲ್ಲಿ ಧಾನ್ಯದ ಅಡತಿ ಅಂಗಡಿಯಲ್ಲಿ ತೂಕ ಮಾಡುವವನು. ಒಂದು ದಿನ ರಜೆ ಹಾಕಿ ತಾಯಿಯನ್ನು ವಿಜಾಪುರಕ್ಕೆ ಕರೆದುಕೊಂಡು ಹೋದ. ಅಲ್ಲಿನ ಡಾಕ್ಟರು ಬಹಳ ಹೊತ್ತು ಮಾತಾಡಿಸಿ, "ಇದು ಹಟ ಅಲ್ಲ, ಹುಚ್ಚೂ ಅಲ್ಲ, ಮಿದುಳಿನ ರೋಗ. ಡಿಮೆನ್ಶಿಯಾ ಅಂತಾರ. ಹೋದ ನೆನಪು ತಿರುಗಿ ಬರೂದಿಲ್ಲ. ಇರೂತನಕ ಚಂದಾಗಿ ನೋಡ್ಕೊಳ್ರಿ" ಎಂದರು. ಚಂದಾಗಿ ನೋಡಿಕೊಳ್ಳುವುದು ಹೇಗೆಂದು ಕೇಳುವಷ್ಟರಲ್ಲಿ ಮುಂದಿನ ಪೇಶಂಟು ಒಳಗೆ ಬಂದಿತ್ತು.

ಎಲ್ಲ ಮರೆತ ಸಿದ್ದಲಿಂಗವ್ವ ಒಂದನ್ನು ಮಾತ್ರ ಮರೆಯಲಿಲ್ಲ. ತನ್ನ ಮೇಲೆ ಮುಯ್ಯಿ ಉಳಿದಿದೆ ಎಂಬುದನ್ನು. ಎಷ್ಟು ದಿನದ್ದು, ಯಾವ ವರ್ಷದ್ದು ಗೊತ್ತಿಲ್ಲ. ಉಳಿದಿದೆ, ತೀರಿಸಬೇಕು, ಅಷ್ಟೇ. ಮುಂಜಾನೆ ಕೋಳಿ ಕೂಗಿದ ಕೂಡಲೇ ಎದ್ದು, ರಾತ್ರಿ ಉಳಿದ ರೊಟ್ಟಿಯನ್ನು ಬಟ್ಟೆಯಲ್ಲಿ ಕಟ್ಟಿ, ಕುಡುಗೋಲು ಸೆರಗಿಗೆ ಸಿಕ್ಕಿಸಿ, ಮರೆವ್ವನ ಹೊಲಕ್ಕೆ ಹೊರಟುಬಿಡುವಳು. ಮರೆವ್ವ ಸತ್ತು ಎಂಟು ವರ್ಷವಾಗಿತ್ತು. ಆ ಹೊಲವನ್ನು ಈಗ ಮಾಡುತ್ತಿದ್ದವರು ಆಕೆಯ ಮಗ ಸಿದ್ರಾಮ ಮತ್ತು ಅವನ ಹೆಂಡತಿ ಸಾವಂತ್ರವ್ವ.

ಸಾವಂತ್ರವ್ವ ಒಳ್ಳೆಯವಳು. ಆದರೆ ಒಳ್ಳೆಯವರಿಗೆ ಖರೆ ಹೇಳುವ ಚಟವಿರುತ್ತದೆ. ಮೊದಲ ದಿನ ಮುದುಕಿ ಹೊಲದ ಬದುವಿನ ಮೇಲೆ ನಿಂತು, "ಮರೆವ್ವ ಎಲ್ಲಿ? ಕರಿಯಕಿನ್ನ" ಎಂದಾಗ ಈಕೆ, "ಅತ್ತಿ ತೀರಿಕೊಂಡು ಭಾಳ ವರ್ಷಾತ್ರಿ ದೊಡ್ಡವ್ವ. ನೀವ ಮಣ್ಣಿಗೆ ಬಂದಿದ್ರೆಲ್ಲಾ" ಎಂದಳು. ಸಿದ್ದಲಿಂಗವ್ವ ಕುಸಿದು ಕೂತಳು. ಎದೆ ಬಡಿದುಕೊಂಡು, "ನನಗ ಹೇಳಲಿಲ್ಲಲ್ಲ, ಮಾರಿ ಸುದ್ದಾ ನೋಡಲಿಲ್ಲಲ್ಲ" ಎಂದು ಅತ್ತಳು. ಆ ಅಳು ಕೇಳಿ ಕಡಲೆ ಕೀಳುತ್ತಿದ್ದ ಹೆಂಗಸರೆಲ್ಲ ಅತ್ತರು. ಮರುದಿನ ಮುಂಜಾನೆ ಮತ್ತೆ ಬದುವಿನ ಮೇಲೆ ಅದೇ ಮುದುಕಿ, ಅದೇ ಪ್ರಶ್ನೆ. ಮತ್ತೆ ಅದೇ ಉತ್ತರ, ಅದೇ ಅಳು. ಒಂದೇ ವಾರದಲ್ಲಿ ಮರೆವ್ವ ಆರು ಸಲ ಸತ್ತಳು. ಏಳನೆಯ ದಿನ ಸಾವಂತ್ರವ್ವ ಬೇಸತ್ತು, "ನಿಮ್ಮ ಮುಯ್ಯಿ ಎಂದೋ ಮುಗದೈತ್ರಿ, ಮನಿಗೆ ಹೋಗ್ರಿ" ಎಂದಳು. ಅದು ಇನ್ನೂ ಕೆಟ್ಟದಾಯಿತು. ಮುಯ್ಯಿ ಬೇಡ ಎನ್ನುವುದೆಂದರೆ ಮುಖಕ್ಕೆ ಹೊಡೆದ ಹಾಗೆ. ಸಿದ್ದಲಿಂಗವ್ವ ಸಿಟ್ಟಾಗಿ ಮುಂದಿನ ಹೊಲಕ್ಕೆ, ಅಲ್ಲಿಂದ ಅದರಾಚೆಯ ಹೊಲಕ್ಕೆ, ಮುಯ್ಯಿ ತೆಗೆದುಕೊಳ್ಳುವವರನ್ನು ಹುಡುಕಿಕೊಂಡು ನಡೆದಳು. ಸಂಜೆ ಡಾಂಬರು ರಸ್ತೆಯಲ್ಲಿ ಸಿಕ್ಕಾಗ ಕಾಲಲ್ಲಿ ಚಪ್ಪಲಿಯಿರಲಿಲ್ಲ.

ಇದೆಲ್ಲದರ ಭಾರ ಬಿದ್ದದ್ದು ಭಾಗ್ಯಜ್ಯೋತಿಯ ಮೇಲೆ. ಅತ್ತೆಯನ್ನು ಹುಡುಕಲು ಹೋದ ಎರಡು ದಿನ ಅಂಗನವಾಡಿಯ ಬಾಗಿಲು ತೆರೆಯಲಿಲ್ಲ. ಎರಡೂ ದಿನ ಸರಿಯಾಗಿ ಅದೇ ಹೊತ್ತಿಗೆ ತಾಲೂಕಿನ ಸೂಪರವೈಜರ್ ಬಾಯಿ ಬಂದು ಬಾಗಿಲು ನೋಡಿ ಹೋದಳು. ಮೂರನೆಯ ಸಲ ಭೇಟಿಯಾದಾಗ ಆಕೆ ಕೆಟ್ಟದ್ದೇನೂ ಆಡಲಿಲ್ಲ. "ನನಗೂ ಮನ್ಯಾಗ ಅತ್ತಿ ಅದಾಳವ್ವ. ಆದ್ರ ಇನ್ನೊಮ್ಮೆ ಬಾಗಲಾ ಹಾಕಿದ್ದ ಕಂಡ್ರ ನಾ ಬರದ ಕಳಸಬೇಕಾಗ್ತೈತಿ. ಈ ಕೆಲಸಕ್ಕ ಹತ್ತ ಮಂದಿ ಅರ್ಜಿ ಇಟಗೊಂಡ ಕುಂತಾರ" ಎಂದಳು. ಭಾಗ್ಯಜ್ಯೋತಿಗೆ ಆ ಕೆಲಸವೆಂದರೆ ಬರೀ ಪಗಾರವಲ್ಲ. ಇಪ್ಪತ್ತೆರಡು ಮಕ್ಕಳು ತನ್ನನ್ನು ಕಂಡು ಓಡಿಬರುವ ಜಾಗ ಊರಲ್ಲಿ ಅದೊಂದೇ. ಮನೆಯಲ್ಲಿ ಆಕೆ ಚಪ್ಪಲಿ ಅಟ್ಟೆಯಂಥ ರೊಟ್ಟಿ ಬಡಿಯುವವಳು. ಅಲ್ಲಿ ಮಾತ್ರ ಟೀಚರ್.

ಪರಪ್ಪ ಬಾಗೇವಾಡಿಯಿಂದ ಬಾಗಿಲಿಗೆ ಹಾಕುವ ಒಂದು ಕೀಲಿ ತಂದ. ತಂದವನು ಅದನ್ನು ಹೆಂಡತಿಯ ಕೈಗೆ ಕೊಡಲಾಗದೆ ಗೂಟಕ್ಕೆ ತೂಗುಹಾಕಿ ಹೋದ. ಎರಡು ದಿನ ಅದು ಅಲ್ಲೇ ತೂಗಿತು. ಮೂರನೆಯ ದಿನ ಭಾಗ್ಯಜ್ಯೋತಿ ಅತ್ತೆಗೆ ಊಟ ಮಾಡಿಸಿ, ನೀರಿನ ತಂಬಿಗೆ ಹತ್ತಿರ ಇಟ್ಟು, ಹೊರಗಿನಿಂದ ಕೀಲಿ ಹಾಕಿದಳು. ಅಂಗನವಾಡಿಯಲ್ಲಿ ಅವತ್ತು ಮಕ್ಕಳಿಗೆ ಏನು ಕಲಿಸಿದಳೋ ಆಕೆಗೇ ಗೊತ್ತಿಲ್ಲ. ಉಪ್ಪಿಟ್ಟಿಗೆ ಎರಡು ಸಲ ಉಪ್ಪು ಹಾಕಿದ್ದಳು.

ಮಧ್ಯಾಹ್ನ ಮನೆಗೆ ಬಂದಾಗ ಅಂಗಳದಲ್ಲಿ ಪಕ್ಕದ ಮನೆಯ ರಮಜಾನಬಿ ಕೂತಿದ್ದಳು. ಬಾಗಿಲಿಗೆ ಬೆನ್ನು ಹಚ್ಚಿ, ಒಳಗಿನವಳ ಜೊತೆ ಮಾತಾಡುತ್ತಿದ್ದಳು. ಒಳಗಿನಿಂದ ಒಂದೇ ಸಮನೆ ದನಿ ಬರುತ್ತಿತ್ತು. "ಬಿಸಲ ಏರಾಕತೈತಿ, ಕಡ್ಲಿ ಒಡದ ಹೋಗ್ತೈತಿ, ಮುಯ್ಯಿ ತಪ್ಪತೈತಿ, ಮಂದಿ ಏನಂದಾರ, ಬಾಗಲಾ ತಗೀರ್ಯೋ." ಭಾಗ್ಯಜ್ಯೋತಿ ಕೀಲಿ ತೆಗೆದಳು. ಸಿದ್ದಲಿಂಗವ್ವ ಹೊಸ್ತಿಲ ಕೆಳಗಿನ ಮಣ್ಣನ್ನು ಬೆರಳಿನಿಂದ ಗೀರಿ ಗೀರಿ ಒಂದು ಬೊಗಸೆಯಷ್ಟು ತೆಗೆದಿದ್ದಳು. ಉಗುರುಗಳಲ್ಲಿ ರಕ್ತ ಒಣಗಿತ್ತು. ಸೊಸೆ ಅಲ್ಲೇ ಕೂತು ಆ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಅತ್ತಳು.

ರಮಜಾನಬಿಗೆ ಅಳುವವರನ್ನು ಕಂಡರೆ ಆಗುತ್ತಿರಲಿಲ್ಲ. "ಅಳೂದ ಆಮ್ಯಾಲ. ಮೊದಲ ಅರಿಷಿಣಾ ತಾ" ಎಂದಳು. ಗಾಯಕ್ಕೆ ಅರಿಷಿಣ ಹಚ್ಚುತ್ತ, "ಮೂರ ತಾಸ ಕೇಳೇನಿ ನಾ. ಅಕ್ಕಗ ಹುಚ್ಚ ಹಿಡದಿಲ್ಲ. ಈ ಊರಾಗ ಮುಯ್ಯಿ ಅಂದ್ರೇನಂತ ಗೊತ್ತಿದ್ದಾಕಿ ಈಕಿ ಒಬ್ಬಾಕಿನ ಉಳದಾಳ. ನಾವೆಲ್ಲಾ ಕೂಲಿ ಮಂದಿ ಹಚ್ಚಿ ಮರತ ಕುಂತೇವಿ. ಕೊಡಾಕ ಬಂದಾಕಿನ್ನ ಬ್ಯಾಡಂತ ಕಳಸ್ತೀರಿ, ಮತ್ತ ಅಕಿ ಅಡ್ಯಾಡ್ತಾಳಂತ ಬೈತೀರಿ. ತಗೊಂಡ ಬಿಡ್ರಲಾ ಅಕಿ ಮುಯ್ಯಿ!" ಎಂದಳು.

"ಏನ ತಗೋಬೇಕ್ರಿ ಚಿಗವ್ವ? ಬಾಕಿ ಇಲ್ಲದ್ದ ಮುಯ್ಯಿ?"

"ಅಕಿಗಿ ಐತಿ ಅಂದ್ರ ಐತಿ" ಎಂದು ರಮಜಾನಬಿ ಎದ್ದು, ಸೀದಾ ಸಾವಂತ್ರವ್ವನ ಮನೆಗೆ ಹೋದಳು. ಅಲ್ಲಿ ಏನು ಹೇಳಿದಳೋ, ಬೈದಳೋ ತಿಳಿಯದು. ಇಬ್ಬರ ದನಿಯೂ ಊರಬಾಗಿಲ ಅಗಸಿಯತನಕ ಕೇಳಿತ್ತು ಎಂಬುದಷ್ಟೇ ಗೊತ್ತು.

ಮರುದಿನ ಮುಂಜಾನೆ ಸಿದ್ದಲಿಂಗವ್ವ ಬದುವಿನ ಮೇಲೆ ನಿಂತು "ಮರೆವ್ವ ಎಲ್ಲಿ?" ಎಂದಾಗ ಸಾವಂತ್ರವ್ವ ಗಂಟಲು ಸರಿಮಾಡಿಕೊಂಡಳು. ಜೀವಮಾನದಲ್ಲಿ ಮೊದಲ ಸುಳ್ಳು ಹೇಳುವವರ ಮುಖ ಹೇಗಿರುತ್ತದೋ ಹಾಗಿತ್ತು ಆಕೆಯ ಮುಖ. "ಊರಿಗೆ ಹೋಗ್ಯಾರ್ರಿ ದೊಡ್ಡವ್ವ. ನೀವ ಬರ್ತೀರಿ, ಒಂದ ಕಡ್ಲಿ ಸಾಲ ಬಿಟ್ಟಿರು ಅಂತ ಹೇಳಿ ಹೋಗ್ಯಾರ. ಇದ ನೋಡ್ರಿ ನಿಮ್ಮ ಸಾಲ" ಎಂದಳು. ಮುದುಕಿಯ ಹೆಗಲಿಂದ ಒಂದು ಮೂಟೆ ಇಳಿದ ಹಾಗಾಯಿತು. ಸೀರೆ ಎತ್ತಿ ಕಟ್ಟಿ ಸಾಲಿಗೆ ಕೂತಳು. ತಲೆ ಮಗನ ಹೆಸರು ಮರೆತಿತ್ತು, ಕೈಗಳು ಏನನ್ನೂ ಮರೆತಿರಲಿಲ್ಲ. ಗಿಡದ ಬುಡ ಹಿಡಿದು, ಕಾಯಿ ಉದುರದ ಹಾಗೆ ಹಗುರಾಗಿ ಕಿತ್ತು, ಬೇರಿನ ಮಣ್ಣು ಝಾಡಿಸಿ, ತುದಿಗಳೆಲ್ಲ ಒಂದೇ ಕಡೆ ಬರುವಂತೆ ಗುಡ್ಡೆ ಹಾಕಿದಳು. ಕೂಲಿಯ ಹುಡುಗಿಯರು ಎರಡು ಸಾಲು ಹಿಂದೆ ಉಳಿದರು.

ಸಂಜೆ ಸಾವಂತ್ರವ್ವನ ಒಳ್ಳೆಯತನ ಮತ್ತೆ ಎಡವಿತು. ಪಾಪ, ಇಷ್ಟು ದುಡಿದಳಲ್ಲ ಎಂದು ಉಳಿದ ಕೂಲಿಯವರ ಜೊತೆ ಮುದುಕಿಯ ಕೈಯಲ್ಲೂ ನೋಟು ಇಟ್ಟಳು. ಸಿದ್ದಲಿಂಗವ್ವ ನೋಟನ್ನು ನೋಡಿದಳು, ಸಾವಂತ್ರವ್ವನನ್ನು ನೋಡಿದಳು. ಆಮೇಲೆ ಅದನ್ನು ಬದುವಿನಾಚೆ ಎಸೆದು ಹೊಲ ಅದುರುವಂತೆ ಕೂಗಿದಳು. "ಕೂಲಿ? ನನಗ ಕೂಲಿ? ಮುಯ್ಯಿಗೆ ಬಂದಾಕಿ ಕೈಯಾಗ ರೊಕ್ಕಾ ಇಡ್ತಿ? ನಿಮ್ಮ ಅತ್ತಿ ಬರ್ಲಿ, ಇದೇನ ಅಂತ ಅಕಿನ್ನ ಕೇಳ್ತೇನಿ!" ಆ ಊರಿನ ಹಿರಿಯ ಹೆಂಗಸಿಗೆ ಇದಕ್ಕಿಂತ ದೊಡ್ಡ ಅವಮಾನವಿರಲಿಲ್ಲ. ಮೂರು ದಿನ ಆಕೆ ಅನ್ನ ಮುಟ್ಟಲಿಲ್ಲ. ಯಾಕೆ ಸಿಟ್ಟು ಬಂತೆಂಬುದು ಮರೆತುಹೋಗಿತ್ತು, ಸಿಟ್ಟು ಮಾತ್ರ ಹಾಗೇ ಉಳಿದಿತ್ತು.

ತಪ್ಪು ತಿದ್ದುವ ದಾರಿಯನ್ನು ಸಾವಂತ್ರವ್ವನೇ ಹುಡುಕಿದಳು. ಸತ್ತ ಅತ್ತೆಯ ಮಾತು ನೆನಪಾಯಿತೋ, ರಮಜಾನಬಿಯ ಬೈಗುಳ ನೆನಪಾಯಿತೋ. ನಾಲ್ಕನೆಯ ದಿನ ಮುಂಜಾನೆ ಬುತ್ತಿ ಕಟ್ಟಿಕೊಂಡು ಬಂದು ಸಿದ್ದಲಿಂಗವ್ವನ ಬಾಗಿಲಲ್ಲಿ ನಿಂತಳು. "ದೊಡ್ಡವ್ವ, ನೀವ ನಮ್ಮ ಹೊಲಕ್ಕ ಒಂದ ದಿನಾ ಬಂದಿದ್ರಿ. ನಿಮ್ಮ ಮುಯ್ಯಿ ತೀರಸಾಕ ಬಂದೇನ್ರಿ."

ಸಿದ್ದಲಿಂಗವ್ವ ಗೋಡೆಯ ಕಡೆಯಿಂದ ಮುಖ ತಿರುಗಿಸಿದಳು. "ಬಂದ್ಯಾ? ಬಾ, ಕುಂಡ್ರ" ಎಂದಳು. "ಯಾರಲ್ಲಿ, ಚಾ ಮಾಡ್ರಿ!"

ಚಹಾ ಆಯಿತು. ಆದರೆ ಕೆಲಸವೆಲ್ಲಿದೆ? ಈ ಮನೆಯ ಹೊಲವನ್ನು ಪಾಲಿಗೆ ಕೊಟ್ಟು ಮೂರು ವರ್ಷವಾಗಿತ್ತು. ಸಾವಂತ್ರವ್ವ ಬುತ್ತಿ ಹಿಡಿದುಕೊಂಡು ಪಡಸಾಲೆಯಲ್ಲಿ ಪೆದ್ದಿಯಂತೆ ನಿಂತಳು. ಅಂಗನವಾಡಿಗೆ ಹೊರಟು, ಹೋಗಲೋ ಬೇಡವೋ ಎಂದು ಬಾಗಿಲಲ್ಲಿ ತಡವರಿಸುತ್ತಿದ್ದ ಭಾಗ್ಯಜ್ಯೋತಿಗೆ ಆಗ ಹೊಳೆಯಿತು. "ಯಕ್ಕಾ" ಎಂದಳು ಮೆಲ್ಲಗೆ, "ಮುಯ್ಯಿ ಕೊಡಾಕ ಬಂದೀರಿ ಅಂದ್ರ ಒಂದ ಕೆಲಸಾ ಐತಿ. ನಾ ಬರೂತನಕಾ ಅತ್ತಿ ಹಂತ್ಯಾಕ ಕುಂಡ್ರತೀರೇನ್ರಿ?"

ಸಾವಂತ್ರವ್ವ ಬುತ್ತಿಯನ್ನು ಗೂಟಕ್ಕೆ ಹಾಕಿದಳು. ಆ ಗೂಟದಲ್ಲಿ ಕೀಲಿ ತೂಗುತ್ತಿತ್ತು. ಅದನ್ನು ತೆಗೆದು ಗೋಡೆಯ ಮಾಡಿನೊಳಗೆ ಇಟ್ಟುಬಿಟ್ಟಳು.

ನಡೆದದ್ದು ಇಷ್ಟೇ. ಯಾರೂ ಸಭೆ ಕರೆಯಲಿಲ್ಲ, ಹಾರ ಹಾಕಲಿಲ್ಲ, ಭಾಷಣ ಮಾಡಲಿಲ್ಲ. ಸಿದ್ದಲಿಂಗವ್ವ ಒಂದು ದಿನ ಯಾರದೋ ಹೊಲಕ್ಕೆ ಮುಯ್ಯಿಗೆ ಹೋಗುವುದು, ಮರುದಿನ ಆ ಮನೆಯ ಹೆಂಗಸು ಇವರ ಮನೆಗೆ ಬಂದು ಆ ಮುಯ್ಯಿ ತೀರಿಸುವುದು. ರಮಜಾನಬಿ, ಸಾವಂತ್ರವ್ವ, ಇನ್ನೂ ನಾಲ್ಕು ಮನೆಯವರು ಪಾಳಿ ಹಿಡಿದರು. ಕೂಲಿಗೆ ಜನ ಹಚ್ಚುವುದನ್ನೇ ರೂಢಿ ಮಾಡಿಕೊಂಡಿದ್ದ ಊರು ಒಬ್ಬ ಮುದುಕಿಗಾಗಿ ಬಿಟ್ಟ ರೂಢಿಯನ್ನು ಮತ್ತೆ ಹಿಡಿಯಿತು. ಇದನ್ನು ನೆನೆದರೆ ನನಗೆ ಇವತ್ತಿಗೂ ಆ ಓಣಿಯ ಹೆಂಗಸರ ಕಾಲು ಮುಟ್ಟಬೇಕು ಅನ್ನಿಸುತ್ತದೆ. ಮುಟ್ಟಲು ಹೋದರೆ "ನಿನಗೇನ ಕೆಲಸಿಲ್ಲೇನ?" ಎನ್ನುತ್ತಾರೆ, ಅದು ಬೇರೆ ಮಾತು.

ಬೇಸಿಗೆ ಬಂದು ಹೊಲದ ಕೆಲಸ ಮುಗಿದಾಗ ಎಲ್ಲರೂ ಗಾಬರಿಯಾದರು. ರಮಜಾನಬಿ ಒಂದು ರಾಶಿ ಒಣಮೆಣಸಿನಕಾಯಿ ತಂದು ಸುರಿದು, "ತೊಟ್ಟ ಮುರೀಬೇಕ ಅಕ್ಕಾ, ಮುಯ್ಯಿ" ಎಂದಳು. ಮೆಣಸಿನಕಾಯಿ ಮುಗಿದರೆ ಕೌದಿ ಹೊಲಿಯುವುದು, ಕೌದಿ ಮುಗಿದರೆ ಶಾವಿಗೆ ಹೊಸೆಯುವುದು. ಉಪಕೇಂದ್ರದ ನರ್ಸಬಾಯಿ ವಾರಕ್ಕೊಮ್ಮೆ ಬಂದು ಕೈಕಾಲು ನೋಡಿ, ನೀರು ಕುಡಿಸುವುದನ್ನು ಮರೆಯಬೇಡಿ, ಹರಿತದ ಕುಡುಗೋಲು ಕೊಡಬೇಡಿ ಎಂದು ಎಲ್ಲ ಮನೆಗಳಿಗೂ ಹೇಳಿದಳು. ಸಿದ್ರಾಮ ಕುಡುಗೋಲನ್ನು ಒಯ್ದು ಬಾಯಿ ಮೊಂಡು ಮಾಡಿಸಿಕೊಂಡು ಬಂದ. ಸಿದ್ದಲಿಂಗವ್ವ ಅದನ್ನು ಹೆಬ್ಬೆರಳಿನಿಂದ ಸವರಿ, "ಇದರ ಬಾಯಿ ಯಾವ ಹಲ್ಕಟ್ಟ ಸಾಯಿಸ್ಯಾನ?" ಎಂದು ಕೇಳಿ, ಕಲ್ಲಿನ ಮೇಲೆ ತಾನೇ ಮಸೆಯಲು ಕೂತಳು. ಸಿದ್ರಾಮ ಹಿತ್ತಲಿಗೆ ಸರಿದ.

ಬಾಗೇವಾಡಿ ಬಸ್ಸಿನ ಕಂಡಕ್ಟರ್ ದಾವಲಮಲಿಕನಿಗೂ ಹೇಳಿಟ್ಟಿದ್ದರು. ಒಂದು ದಿನ ಎಲ್ಲರ ಕಣ್ಣು ತಪ್ಪಿಸಿ ಆಕೆ ಬಸ್ಸು ಹತ್ತಿ, "ನಾಲತವಾಡಕ್ಕ ಒಂದ ಕೊಡ" ಎಂದಳು. ನಾಲತವಾಡ ಆಕೆಯ ತವರು. ಆ ಬಸ್ಸು ಆ ಕಡೆ ಹೋಗುವುದೇ ಅಲ್ಲ. ದಾವಲಮಲಿಕ ಹಾಗೆನ್ನಲಿಲ್ಲ. "ಕುಂಡ್ರ ಆಯಿ, ಬಂದ ಕೂಡ್ಲೆ ಹೇಳ್ತೇನಿ" ಎಂದು ಕಿಟಕಿಯ ಪಕ್ಕ ಕೂರಿಸಿದ. ಬಾಗೇವಾಡಿಯಲ್ಲಿ ಚಹಾ ಕುಡಿಸಿ, ಅದೇ ಬಸ್ಸಿನಲ್ಲಿ ವಾಪಸು ತಂದು ಮಸೂತಿಯಲ್ಲಿ ಇಳಿಸಿದ. "ತೌರ ಮನಿ ಭಾಳ ಬದಲಾಗೇತಿ" ಎಂದು ಆಕೆ ಸಂಜೆತನಕ ಹೇಳುತ್ತಿದ್ದಳು.

ಹೀಗೆ ಒಂದು ವರ್ಷ ನಡೆಯಿತು. ಅಂಗನವಾಡಿಯ ಬಾಗಿಲು ಒಂದು ದಿನವೂ ಮುಚ್ಚಲಿಲ್ಲ. ಮುಂಜಾನೆ ಏಳರಿಂದ ಒಂಬತ್ತರವರೆಗೆ ಮತ್ತು ಸಂಜೆಯಿಂದ ಮಲಗುವತನಕ ಮಾತ್ರ ಅತ್ತೆಯನ್ನು ನೋಡಿಕೊಳ್ಳುವ ಪಾಳಿ ಸೊಸೆಯದು. ಭಾಗ್ಯಜ್ಯೋತಿ ಜಳಕ ಮಾಡಿಸುವಳು, ತಲೆ ಹಿಕ್ಕುವಳು, ರೊಟ್ಟಿ ಮುರಿದು ಪಲ್ಯದಲ್ಲಿ ಅದ್ದಿ ತಿನ್ನಿಸುವಳು. ದಿನವೂ ಅತ್ತೆ ಆಕೆಯ ಮುಖ ನೋಡಿ, "ನೀ ಯಾರ ಮಗಳವ್ವ?" ಎನ್ನುವಳು. ದಿನವೂ ಈಕೆ, "ನಿಮ್ಮ ಸೊಸೀರಿ ಅತ್ತಿ, ಪರಪ್ಪನ ಹೇಂತಿ" ಎನ್ನುವಳು. "ಸುಳ್ಳ ಹೇಳಬ್ಯಾಡ" ಎಂದು ಅತ್ತೆ ಮುಖ ತಿರುಗಿಸುವಳು. ಓಣಿಯ ಎಲ್ಲರೂ ಸುಳ್ಳು ಹೇಳಿ ಆಕೆಯ ಪ್ರೀತಿ ಗಳಿಸಿದ್ದರು. ಖರೆ ಹೇಳುತ್ತಿದ್ದವಳು ಸೊಸೆ ಒಬ್ಬಳೇ, ಅದರಲ್ಲಿ ಆಕೆಗೂ ಒಂದು ಹಟವಿತ್ತು. ಹದಿನೈದು ವರ್ಷ ಈ ಮನೆಯಲ್ಲಿ ಸವೆದು ಕೊನೆಗೆ ಸೊಸೆಯೆಂಬ ಹೆಸರನ್ನೂ ಬಿಟ್ಟುಕೊಡುವುದು ಹೇಗೆ?

ಮರುವರ್ಷದ ಕಡಲೆ ಕೀಳುವ ಹೊತ್ತಿಗೆ ಒಂದು ಬುಧವಾರ ಆ ವ್ಯವಸ್ಥೆ ಹರಿದುಬಿತ್ತು. ಅವತ್ತು ಸಾವಂತ್ರವ್ವನ ಪಾಳಿ. ಆಕೆ ನಸುಕಿನಲ್ಲೇ ತಂಗಿಯ ಲಗ್ನಕ್ಕೆ ಕೊಲ್ಹಾರಕ್ಕೆ ಹೋಗಬೇಕಾಗಿತ್ತು. ತನ್ನ ಬದಲು ಕೂರಲು ರಮಜಾನಬಿಗೆ ಹೇಳೆಂದು ಗಂಡನಿಗೆ ಮೂರು ಸಲ ಹೇಳಿ ಹೋಗಿದ್ದಳು. ಸಿದ್ರಾಮ ಮರೆತ. ಊರಿಗೆಲ್ಲ ಮರೆವಿನ ಮುದುಕಿಯ ಚಿಂತೆ. ಮರೆತವನು ಮೂವತ್ತೆಂಟರ ಗಟ್ಟಿ ಗಂಡಸು.

ಭಾಗ್ಯಜ್ಯೋತಿ ಎಂದಿನಂತೆ, ಸಾವಂತ್ರವ್ವ ಇನ್ನೇನು ಬರುತ್ತಾಳೆಂದು ಅತ್ತೆಯನ್ನು ಪಡಸಾಲೆಯಲ್ಲಿ ಕೂರಿಸಿ ಹೋಗಿದ್ದಳು. ಹತ್ತೂವರೆಯ ಹೊತ್ತಿಗೆ ರಮಜಾನಬಿ ಏದುಸಿರು ಬಿಡುತ್ತ ಅಂಗನವಾಡಿಯ ಬಾಗಿಲಿಗೆ ಬಂದಳು. "ಅಕ್ಕ ಮನ್ಯಾಗಿಲ್ಲ. ಹೊಲದಾಗೂ ಇಲ್ಲ. ಸಾವಂತ್ರಿ ಊರಾಗಿಲ್ಲ!" ಅದೇ ಹೊತ್ತಿಗೆ ರಸ್ತೆಯ ಕಡೆಯಿಂದ ಬಸ್ಸಿನ ಹಾರ್ನು ಕೇಳಿಸಿತು. ಇವತ್ತು ಸೂಪರವೈಜರ್ ಬಾಯಿ ಬರುವ ದಿನ, ಅದು ಆಕೆ ಬರುವ ಬಸ್ಸು. ಭಾಗ್ಯಜ್ಯೋತಿ ಮಕ್ಕಳ ಕಡೆ ನೋಡಿದಳು, ಗೋಡೆಯ ಮೇಲಿನ ಹಾಜರಿ ಪುಸ್ತಕದ ಕಡೆ ನೋಡಿದಳು. ಕಣ್ಣ ಮುಂದೆ ಬಂದದ್ದು ಹೊಸ್ತಿಲ ಕೆಳಗಿನ ಆ ಬೊಗಸೆ ಮಣ್ಣು.

"ಚಿಗವ್ವ, ಈ ಹುಡುಗರನ್ನ ನೋಡಕೋರಿ. ಬಾಯಿ ಬಂದ್ರ, ಟೀಚರ್ ಅತ್ತಿನ್ನ ಹುಡುಕಾಕ ಹೋಗ್ಯಾಳ, ಬರಕೋರಿ ಅಂತ ಹೇಳ್ರಿ. ಹೋದ್ರ ಹೋಗ್ಲಿ ಕೆಲಸಾ" ಎಂದು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬಿದ್ದಳು.

ಹೆಚ್ಚು ದೂರ ಹೋಗಲಿಲ್ಲ. ಬೇವಿನ ಮರದ ತಿರುವಿನಲ್ಲಿ ಸಿದ್ದಲಿಂಗವ್ವ ಎದುರಾದಳು. ತಲೆಯ ಮೇಲೆ ಬುತ್ತಿ, ಸೆರಗಿನಲ್ಲಿ ಕುಡುಗೋಲು, ಬೆವರಿದ ಮುಖ. ಸೊಸೆಯನ್ನು ಕಂಡು ನಿಂತು, ಕಣ್ಣು ಕಿರಿದು ಮಾಡಿ ನೋಡಿದಳು.

"ಎಲ್ಲೆ ಹೋಗಿದ್ಯವ್ವ ನೀ? ಮುಂಜಾನಿಂದ ನಿನ್ನ ಹುಡುಕಾಕತ್ತೇನಿ" ಎಂದು ಗದರಿದಳು. "ಊರಾಗಿನ ಎಲ್ಲಾರ ಮುಯ್ಯಿ ತೀರಸೇನಿ. ನಿನ್ನದೊಂದ ಉಳದೈತಿ. ದಿನಾ ನನಗ ಜಳಕಾ ಮಾಡಸ್ತಿ, ತಲಿ ಹಿಕ್ಕತಿ, ತುತ್ತ ಮಾಡಿ ತಿನಸ್ತಿ. ಇಷ್ಟ ದಿನದ್ದು ಬಾಕಿ ಇಟಗೊಂಡ ನಾ ಹೆಂಗ ಸಾಯಲಿ? ಹೇಳ, ನಿನ್ನ ಹೊಲಾ ಯಾಕಡಿ ಐತಿ?"

ಹೆಸರು, ಮುಖ, ಸಂಬಂಧ ಎಲ್ಲ ಅಳಿಸಿಹೋದ ಆ ತಲೆಯಲ್ಲಿ ಸೊಸೆ ದಿನವೂ ಮಾಡಿದ್ದು ಉಳಿದುಕೊಂಡಿತ್ತು. ಭಾಗ್ಯಜ್ಯೋತಿ ಸೆರಗಿನಿಂದ ಮುಖ ಒರೆಸಿಕೊಂಡು, ಹೆಂಚಿನ ಒಂದೇ ಕೋಣೆಯ ಅಂಗನವಾಡಿಯ ಕಡೆ ಕೈ ತೋರಿಸಿದಳು.

"ಅದ ರೀ ನನ್ನ ಹೊಲಾ. ಬರ್ರಿ."

ಸಿದ್ದಲಿಂಗವ್ವ ಒಳಗೆ ಬಂದು ಸುತ್ತಲೂ ಕಣ್ಣಾಡಿಸಿದಳು. ಸಾಲಾಗಿ ಕೂತ ಇಪ್ಪತ್ತೆರಡು ಮಕ್ಕಳು ಬಾಯಿ ತೆರೆದು ಆಕೆಯನ್ನೇ ನೋಡಿದರು. "ಪೀಕ ಚಲೋ ಬಂದೈತಿ" ಎಂದಳು, ಹೊಲದ ಬೆಳೆ ನೋಡಿದವಳಂತೆ. ಕುಡುಗೋಲನ್ನು ರಮಜಾನಬಿಯ ಕೈಗೆ ಕೊಟ್ಟು, "ಇಲ್ಲಿ ಇದರ ಕೆಲಸಿಲ್ಲ" ಎಂದು ಮೊದಲ ಸಾಲಿನ ತುದಿಗೆ ಕೂತಳು. ಅಲ್ಲಿದ್ದ ಪುಟ್ಟ ಹುಡುಗಿಯ ಗದ್ದ ಹಿಡಿದು, ಸೆರಗಿನ ತುದಿಯಿಂದ ಮೂಗು ಒರೆಸಿದಳು. ಆಮೇಲೆ ಪಕ್ಕದವನದು, ಅದರ ಪಕ್ಕದವಳದು. ಕಡಲೆ ಸಾಲು ಹಿಡಿದಾಗ ಹೇಗೆ ಒಂದು ಗಿಡವನ್ನೂ ಬಿಡುತ್ತಿರಲಿಲ್ಲವೋ ಹಾಗೆ ಒಂದು ಮೂಗನ್ನೂ ಬಿಡಲಿಲ್ಲ. ಸೂಪರವೈಜರ್ ಬಾಯಿ ಬಾಗಿಲಿಗೆ ಬಂದು ನಿಂತಾಗ ಎರಡನೆಯ ಸಾಲು ನಡೆದಿತ್ತು.

"ಯಾರಿವರು ಟೀಚರ್?" ಎಂದಳು ಬಾಯಿ.

"ನನ್ನ ಮುಯ್ಯಾಳ್ರಿ" ಎಂದಳು ಭಾಗ್ಯಜ್ಯೋತಿ.

ಸೂಪರವೈಜರ್ ಬಾಯಿಗೆ ಅರ್ಥವಾಗಲಿಲ್ಲ. ರಮಜಾನಬಿ ಆಕೆಯನ್ನು ಹೊರಗೆ ಕರೆದೊಯ್ದು ವರ್ಷದ ಕತೆಯನ್ನೆಲ್ಲ ಹೇಳಿದಳು. ತಿರುಗಿ ಬಂದ ಬಾಯಿ ಹಾಜರಿ ಪುಸ್ತಕ ತೆರೆದು ಸಹಿ ಹಾಕಿದಳು. ಹೋಗುವಾಗ ಚಪ್ಪಲಿ ಬಿಟ್ಟು ಸಿದ್ದಲಿಂಗವ್ವನ ಕಾಲು ಮುಟ್ಟಿದಳು. "ಏ, ಕೆಲಸದಾಗ ಅಡ್ಡ ಬರಬ್ಯಾಡ" ಎಂದು ಬೈಸಿಕೊಂಡಳು.

ಮಧ್ಯಾಹ್ನ ಮಕ್ಕಳು ಹೋದ ಮೇಲೆ ಅತ್ತೆ ಬುತ್ತಿ ಬಿಚ್ಚಿದಳು. ಮುಂಜಾನೆ ಭಾಗ್ಯಜ್ಯೋತಿಯೇ ಬಡಿದಿಟ್ಟ ರೊಟ್ಟಿ, ಶೇಂಗಾ ಹಿಂಡಿ. ಅರ್ಧ ಮುರಿದು ಸೊಸೆಗೆ ಕೊಟ್ಟಳು. ಇಬ್ಬರೂ ಗೋಡೆಗೆ ಒರಗಿ ತಿಂದರು. ಹೊರಡುವಾಗ ಸಿದ್ದಲಿಂಗವ್ವ ಎಂದಿನ ಪ್ರಶ್ನೆ ಕೇಳಲಿಲ್ಲ. ಕೇಳಿದ್ದರೂ ಭಾಗ್ಯಜ್ಯೋತಿ ಅವತ್ತು ಎಂದಿನ ಉತ್ತರ ಕೊಡುತ್ತಿರಲಿಲ್ಲ.

"ದೊಡ್ಡವ್ವ" ಎಂದಳು, ಓಣಿಯ ಎಲ್ಲರಂತೆ. "ಇವತ್ತಿನ ದಿನಾ ನನ್ನ ಮ್ಯಾಲ ಆತ್ರಿ. ನಾಳಿ ನಿಮ್ಮ ಮನಿಗೆ ನಾ ಬರ್ತೇನಿ."

"ಬಾರವ್ವ, ಮಾತ ತಪ್ಪಬ್ಯಾಡ" ಎಂದಳು ಸಿದ್ದಲಿಂಗವ್ವ. ನಾಲ್ಕು ಹೆಜ್ಜೆ ನಡೆದು, ಏನೋ ನೆನಪಾದವಳಂತೆ ತಿರುಗಿ ನಿಂತಳು. "ಮತ್ತ ಬುತ್ತಿ ಗಿತ್ತಿ ಕಟಗೊಂಡ ಬರಬ್ಯಾಡ. ನಮ್ಮ ಮನ್ಯಾಗ ಸೊಸಿ ಅದಾಳ. ರೊಟ್ಟಿ ಭಾಳ ಚಲೋ ಬಡಿತಾಳ."